ಕಾವಲಿನ ಮೂರು ಕಾಲ: ಮೈಸೂರು ಸೀಮೆಯ ಹುಲ್ಲುಗಾವಲುಗಳ ಋತುಲೆಕ್ಕ

ಪ್ರವೇಶ

ಬೆಂಗಳೂರಿನ ಶಂಕರಪುರಂ, ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಮೊದಲ ನಲ್ಲಿ ನೀರಿನ ನೆನಪು ಅರ್ಕಾವತಿಯದು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ನದಿಯ ಹೆಸರಘಟ್ಟ ಕೆರೆಯಲ್ಲಿ ಚಾಮರಾಜೇಂದ್ರ ಜಲಕಾಮಗಾರಿ ರೂಪುಗೊಂಡಿತು. 1896ರ ಹೊತ್ತಿಗೆ ಅಲ್ಲಿನ ನೀರು ಸೋಲದೇವನಹಳ್ಳಿಯ ಪಂಪುಗಳನ್ನು ದಾಟಿ ಮಲ್ಲೇಶ್ವರದ ಕಡೆಯಿಂದ ಊರೊಳಗೆ ಹರಿಯಿತು. ಆ ಕೆರೆಗೆ ನೀರು ಬಸಿದುಕೊಟ್ಟ ನೆಲದಲ್ಲಿ ದಟ್ಟ ಕಾಡಿರಲಿಲ್ಲ, ಹುಲ್ಲುಗಾವಲಿತ್ತು. ಕಾಡಿಗೆ ಸಿಕ್ಕ ಮರ್ಯಾದೆ ಆ ಹುಲ್ಲಿಗೆ ಏಕೆ ಸಿಗಲಿಲ್ಲ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನನ್ನ ವಾದ ಇಷ್ಟು: ಹುಲ್ಲುಗಾವಲನ್ನು ವರ್ಷದುದ್ದಕ್ಕೂ ನೋಡಿದವರು ಅದನ್ನು ಉಳಿಸಿಕೊಂಡರು, ಒಂದೇ ಋತುವಿನಲ್ಲಿ ನೋಡಿದವರು ಅದನ್ನು ಕಳೆದರು.

ಎರಡು ಪದಗಳು

ನಮ್ಮ ಭಾಷೆಯಲ್ಲೇ ಈ ಎರಡು ನೋಟಗಳಿಗೂ ಹೆಸರಿದೆ. ‘ಕಾವಲು’ ಎಂಬುದು ಕಾಯುವುದರಿಂದ ಬಂದ ಮಾತು. ಕಾಯುವ ಕೆಲಸದ ಹೆಸರೇ ನೆಲದ ಹೆಸರಾಯಿತು. ‘ಬೀಳು’ ಎಂಬುದು ಯಾರಿಗೂ ಬೇಡವಾಗಿ ಬಿದ್ದಿರುವುದರಿಂದ ಬಂದದ್ದು. ಒಂದೇ ಬಯಲು ದನಗಾಹಿಯ ಬಾಯಲ್ಲಿ ಕಾವಲು, ಕಂದಾಯದ ಕಡತದಲ್ಲಿ ಬೀಳು. ಬೆಂಗಳೂರಿನಲ್ಲೇ ಕಾವಲ್ ಭೈರಸಂದ್ರ, ಜಾರಕಬಂಡೆ ಕಾವಲ್ ಎಂಬ ಹೆಸರುಗಳು ಉಳಿದಿವೆ.

ಅಮೃತಮಹಲಿನ ವ್ಯವಸ್ಥೆ

ಕಾವಲುಗಳ ದೊಡ್ಡ ಚರಿತ್ರೆ ಇರುವುದು ಅಮೃತಮಹಲ್ ದನಗಳ ಜೊತೆಗೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಯ ಹಾಲು–ಬೆಣ್ಣೆಗಾಗಿ ಇದ್ದ ‘ಬೆಣ್ಣೆ ಚಾವಡಿ’ಯನ್ನು ಹೈದರ್ ಅಲಿ ಸೈನ್ಯದ ಸಾಗಣೆಗೆ ಒಗ್ಗಿಸಿದ, ಅದಕ್ಕೆ ಅಮೃತಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು. ಹೈದರನ ಪಡೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಎಂಬ ಮಾತು ಗೆಜೆಟಿಯರ್‌ಗಳಲ್ಲಿ ಬರುತ್ತದೆ.

ಎತ್ತಿನ ಬಲದ ಹಿಂದೆ ಹುಲ್ಲಿನ ಲೆಕ್ಕವಿತ್ತು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ (1897) ಕಾವಲುಗಳನ್ನು ಮೂರಾಗಿ ವಿಂಗಡಿಸುತ್ತದೆ: ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಕೆರೆಯಂಗಳ, ನೀರು, ನೆರಳು ಇದ್ದ ಕಡೆ ಬೇಸಿಗೆಗೆ ಮೀಸಲು. ಅವು ಅತ್ಯಂತ ಬೆಲೆಯುಳ್ಳವು, ಅವಕ್ಕೆ ಕಟ್ಟುನಿಟ್ಟಿನ ರಕ್ಷಣೆ. ಮಳೆಯಲ್ಲಿ ಮಾತ್ರ ಹಳ್ಳ ಹರಿಯುವ ಬಯಲು ಮಳೆಗಾಲಕ್ಕೆ. ಸೇರ್ವೆಗಾರರ ಉಸ್ತುವಾರಿಯಲ್ಲಿ ಹಿಂಡುಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ದನ ಬಿಟ್ಟುಹೋದ ಕಾವಲಿನಲ್ಲಿ ಹುಲ್ಲು ಹೂಬಿಟ್ಟು, ಬೀಜ ಕಟ್ಟಿ, ಉದುರಿಸುವಷ್ಟು ಬಿಡುವು ಸಿಗುತ್ತಿತ್ತು. ಯಾವ ಕಾವಲಿನಲ್ಲಿ ಎಷ್ಟು ಮೇವಿದೆ ಎಂದು ತಿಳಿಯದೆ ಹಿಂಡು ಎಬ್ಬಿಸುವಂತಿರಲಿಲ್ಲ. ಇಂದು ನಾವು ಋತುವಾರು ಸಸ್ಯಸಮೀಕ್ಷೆ ಎನ್ನುವುದು ಆಗ ದನ ಕಾಯುವವರ ದಿನನಿತ್ಯದ ಕೆಲಸವಾಗಿತ್ತು.

1799ರ ನಂತರ ದನಗಳು ಬ್ರಿಟಿಷರ ಕೈ ಸೇರಿ ಸೊರಗಿದವು. 1813ರಲ್ಲಿ ಕ್ಯಾಪ್ಟನ್ ಹಾರ್ವಿ ವಹಿಸಿಕೊಂಡ ಮೇಲೆ ಚೇತರಿಸಿಕೊಂಡವು. 1860ರಲ್ಲಿ ಖರ್ಚು ಉಳಿಸಲೆಂದು ಮದ್ರಾಸ್ ಸರ್ಕಾರ ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿತು. ಒಳ್ಳೆಯ ಎತ್ತು ಸಿಗದಂತಾದಾಗ ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. 1923ರಲ್ಲಿ ಅದು ಮೈಸೂರಿನ ಕೃಷಿ ಇಲಾಖೆಗೆ ಸೇರಿತು. ಅಷ್ಟರಲ್ಲಿ ಯುದ್ಧಕ್ಕೆ ಎತ್ತು ಬೇಕಾಗಿರಲಿಲ್ಲ. ಎತ್ತು ಬೇಡವಾದ ಮೇಲೆ ಹುಲ್ಲೂ ಬೇಡವಾಯಿತು.

ಒಂದೇ ಋತುವಿನ ನೋಟ

ಚೈತ್ರದ ಬಿಸಿಲಲ್ಲಿ ಕಾವಲಿಗೆ ಹೋದವರಿಗೆ ಕಾಣುವುದು ಕಲ್ಲು, ಧೂಳು, ಒಣಗಿದ ಬುಡಗಳು. ಜೀವವೆಲ್ಲ ಬೇರಿನಲ್ಲಿ ಅಡಗಿರುತ್ತದೆ. ಮರವಿಲ್ಲದ ನೆಲ ಕೆಟ್ಟ ನೆಲ ಎಂಬ ನಂಬಿಕೆ ಇದಕ್ಕೆ ಕೂಡಿದಾಗ ‘ಅಭಿವೃದ್ಧಿ’ಯ ಹೆಸರಲ್ಲಿ ಸಸಿ ನೆಡುವುದು ಶುರುವಾಯಿತು. ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ಎದ್ದಿತು. 1974ರಲ್ಲಿ 119 ಚದರ ಕಿಲೋಮೀಟರ್ ಪ್ರದೇಶ ಕೃಷ್ಣಮೃಗ ಅಭಯಾರಣ್ಯವಾಯಿತು. ಕೃಷ್ಣಮೃಗ ಉಳಿಯಿತು, ತೆರೆದ ಬಯಲನ್ನೇ ನಂಬಿದ ಎರ್ಲಡ್ಡು ಹಕ್ಕಿ ಅಲ್ಲಿಂದ ಮರೆಯಾಯಿತು.

ಚಳ್ಳಕೆರೆಯ ಕಾವಲುಗಳಲ್ಲಿ 2010ರ ಆಸುಪಾಸಿನಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ವಿಜ್ಞಾನ ಬೇಕು, ನಿಜ. ಆದರೆ ಅಲ್ಲಿ ಉಣ್ಣೆಗೆ ಕುರಿ ಮೇಯಿಸುವವರು, ಕಂಬಳಿ ನೇಯುವವರು, ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಬದುಕಿದ್ದಾರೆ. ನೆಲ ಖಾಲಿ ಇರಲಿಲ್ಲ.

ಚೌಕಟ್ಟಿನೊಳಗೆ

ಹುಲ್ಲುಗಾವಲನ್ನು ಮತ್ತೆ ಕಟ್ಟುವುದೆಂದರೆ ಗುಂಡಿ ತೋಡಿ ಸಸಿ ನೆಡುವುದಲ್ಲ. ಬಳ್ಳಾರಿ ಜಾಲಿ, ಲಂಟಾನಗಳನ್ನು ತೆಗೆದು, ಮುಂಗಾರಿಗೆ ಮುಂಚೆ ಊರ ಹುಲ್ಲಿನ ಬೀಜ ಚೆಲ್ಲಿ, ಮೇಯುವ ದನಕ್ಕೆ ಸರದಿ ಗೊತ್ತುಮಾಡುವುದು. ಫಲ ಬಂದಿತೇ ಎಂದು ತಿಳಿಯುವ ದಾರಿ ಸರಳ: ಗೂಟ ನೆಟ್ಟು ಗುರುತಿಟ್ಟ ಜಾಗಕ್ಕೇ ಪ್ರತಿ ಋತುವೂ ಹೋಗುವುದು.

ಕಾರ್ತಿಕದ ಬೆಳಿಗ್ಗೆ ಇಂಥ ಕೆಲಸಕ್ಕೆ ಮೊಣಕಾಲೂರಿ ಕೂತಾಗ ಪಂಚೆಯೆಲ್ಲ ಇಬ್ಬನಿಯಿಂದ ಒದ್ದೆ. ಒಂದು ಮೀಟರ್ ಚದರದ ಕಬ್ಬಿಣದ ಚೌಕಟ್ಟನ್ನು ಹುಲ್ಲಿನ ಮೇಲಿಟ್ಟು ಒಳಗಿನ ಜಾತಿಗಳನ್ನು ಎಣಿಸಬೇಕು. ಬರಿನೆಲ ಎಷ್ಟು ಎಂದು ಬರೆಯಬೇಕು. ಬುಡಕ್ಕೆ ಕತ್ತರಿಸಿ ಕಾಗದದ ಚೀಲಕ್ಕೆ ತುಂಬಿ, ಒಣಗಿಸಿ, ತೂಗಬೇಕು. ಹೆಟೆರೊಪೋಗನ್ ಹುಲ್ಲಿನ ಬೀಜ ಅಂಗೈಯಲ್ಲಿಟ್ಟು ಒಂದು ಹನಿ ನೀರು ಬಿಟ್ಟರೆ ಅದರ ಕಪ್ಪು ಬಾಲ ತಿರುಚು ಬಿಚ್ಚಿಕೊಳ್ಳುತ್ತ ತಿರುಗತೊಡಗುತ್ತದೆ. ನೆಲದಲ್ಲಿ ಬಿದ್ದಾಗಲೂ ಹಾಗೆಯೇ ತಿರುಗಿ ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಾತ್ರ ಬಂದು ಹೋಗುವವರಿಗೆ ಈ ಬಿತ್ತನೆ ಕಾಣುವುದಿಲ್ಲ.

ಸಮಾರೋಪ

ಹೆಸರಘಟ್ಟದ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾಪವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ಒಪ್ಪಲಿಲ್ಲ. 2024ರ ಅಕ್ಟೋಬರಿನಲ್ಲಿ ಒಪ್ಪಿತು. ಇದು ದೊಡ್ಡ ಗೆಲುವು. ಆದರೆ ಅಮೃತಮಹಲಿನ ಚರಿತ್ರೆ ಹೇಳುವುದು, ಗಡಿ ಗುರುತಿಸಿದ ಮಾತ್ರಕ್ಕೆ ಕಾವಲು ಉಳಿಯುವುದಿಲ್ಲ ಎಂದು. 1860ರಲ್ಲಿ ಗಡಿಗಳಿದ್ದವು, ಲೆಕ್ಕ ಇಡುವವರನ್ನು ಮನೆಗೆ ಕಳಿಸಲಾಗಿತ್ತು.

ಆದ್ದರಿಂದ ಹೆಸರಘಟ್ಟಕ್ಕೆ ಬೇಕಾದದ್ದು ಒಂದು ವಹಿ: ರೋಹಿಣಿ ಮಳೆಗೆ ಮುಂಚೆ ಒಂದು ಪುಟ, ಹುಲ್ಲು ತೆನೆಗಟ್ಟಿದಾಗ ಒಂದು, ಸಂಕ್ರಾಂತಿ ಕಳೆದ ಮೇಲೆ ಒಂದು, ಹತ್ತು ವರ್ಷ, ಇಪ್ಪತ್ತು ವರ್ಷ, ಅದೇ ಗೂಟಗಳ ಬಳಿ. ಸುತ್ತಲ ಹಳ್ಳಿಗಳ ದನಗಾಹಿಗಳು ಅದರ ಮೊದಲ ಬರಹಗಾರರಾಗಲಿ. ಹೆಸರಘಟ್ಟದ ನೀರು ಕುಡಿದ ಶಂಕರಪುರಂನ ಶಾಲೆ–ಕಾಲೇಜಿನ ಮಕ್ಕಳು ಅವರ ಪಕ್ಕ ಕೂತು ಎಣಿಸಲಿ. ಆ ನೆಲಕ್ಕೆ ಕಾವಲೆಂಬ ಹೆಸರು ಸಲ್ಲಬೇಕಾದರೆ ಕಾಯುವವರು ಬೇಕು.