‘ಕಂಡರಿಸು’ ಶಬ್ದದ ಅರ್ಥವೂ ಮೂಲವೂ

ಕನ್ನಡನಾಡಿನ ಪ್ರಾಚೀನ ಶಿಲಾಶಾಸನಗಳಲ್ಲಿ ಹಲವು, ದಾನದ ವಿವರವೂ ಶಾಪವಾಕ್ಯವೂ ಮುಗಿದ ತರುವಾಯ, ಕೊನೆಯ ಪಂಕ್ತಿಗಳಲ್ಲಿ ಇಬ್ಬರು ಮೂವರ ಹೆಸರುಗಳನ್ನು ಹೇಳುತ್ತವೆ. ಶಾಸನವನ್ನು ರಚಿಸಿದವನೊಬ್ಬನು, ಕಲ್ಲಿನ ಮೇಲೆ ಅಕ್ಷರಗಳನ್ನು ಬರೆದವನೊಬ್ಬನು, ಅವನ್ನು ‘ಕಂಡರಿಸಿದ’ ರೂವಾರಿಯೊಬ್ಬನು. ರೂವಾರಿಯೆಂಬುದು ಸಂಸ್ಕೃತದ ರೂಪಕಾರ ಶಬ್ದದ ತದ್ಭವವು. ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಈ ಪದ್ಧತಿಯನ್ನು ಕಾಣಬಹುದು.

‘ಕಂಡರಿಸು’ ಎಂಬುದನ್ನು ಕೇಳಿದೊಡನೆ ‘ಕಾಣು’ ಧಾತುವಿನ ‘ಕಂಡ’ ರೂಪವು ನೆನಪಿಗೆ ಬರುವುದು ಸಹಜ. ಆದರೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ‘ಖಂಡರಿಸು’ ಎಂದು ಬರೆಯುವ ರೂಢಿಯೂ ಉಂಟು. ಖಂಡವೆಂದರೆ ತುಂಡು, ಹಳಗನ್ನಡದ ‘ಕಂಡ’ವೆಂದರೆ ಮಾಂಸದ ತುಂಡು. ಕಡಿದು ಬೇರ್ಪಡಿಸುವುದೇ ಈ ಶಬ್ದದ ಮೂಲಭಾವವು. ಅದರಿಂದಲೇ ಕೆತ್ತನೆಗೆ ‘ಕಂಡರಣೆ’ಯೆಂಬ ಹೆಸರೂ ಬಂದಿತು.

ಇದರ ಜೊತೆಯ ಶಬ್ದಗಳೂ ಇದೇ ಮಾತನ್ನು ಹೇಳುತ್ತವೆ. ಕೆತ್ತುವುದೆಂದರೆ ಚಕ್ಕೆಯೆಬ್ಬಿಸುವುದು, ಕೊರೆಯುವುದೆಂದರೆ ಒಳಕ್ಕೆ ಸೀಳುವುದು, ಸಂಸ್ಕೃತದ ‘ಉತ್ಕೀರ್ಣ’ವೆಂದರೆ ಅಗೆದು ಹೊರಕ್ಕೆ ಎರಚಿದ್ದು. ಚಿತ್ರಕಾರನು ಬಣ್ಣವನ್ನು ಕೂಡಿಸುತ್ತಾನೆ. ರೂವಾರಿಯು ಕಲ್ಲನ್ನು ಕಳೆಯುತ್ತಾನೆ. ಅಕ್ಷರವೆಂಬುದು ಅಲ್ಲಿ ಇಟ್ಟ ವಸ್ತುವಲ್ಲ, ತೆಗೆದ ಸ್ಥಳ. ಸುತ್ತಲಿನ ಮೈಯು ಉಳಿದಿರುವ ತನಕ ಮಾತ್ರವೇ ಅದಕ್ಕೆ ಆಕಾರವುಂಟು. ಶಾಸನಪರಿಶೋಧಕರು ಒದ್ದೆಯ ಕಾಗದವನ್ನು ಒತ್ತಿ ಮಸಿ ಸವರಿ ಪಡಿಯಚ್ಚನ್ನು ತೆಗೆಯುವಾಗ ಕಲ್ಲಿನ ಮೈಯು ಕಪ್ಪಾಗಿಯೂ ತಗ್ಗಿನ ಅಕ್ಷರವು ಬೆಳ್ಳಗೂ ಮೂಡುವುದು ಈ ಕಾರಣದಿಂದಲೇ.

ಇಂತಹ ತಗ್ಗುಗಳ ಮೇಲೆ ಎಷ್ಟು ದೊಡ್ಡ ಸಂಗತಿಗಳು ನಿಂತಿವೆಯೆಂಬುದನ್ನು ಶರಣರ ಚರಿತ್ರೆಯೇ ತೋರಿಸುತ್ತದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ಸೇವುಣ ಅರಸು ಕನ್ನರನ ಕಾಲದ್ದು. ಅದರಲ್ಲಿ ಬಸವಣ್ಣನವರ ಹೆಸರೂ ಅವರ ವಂಶದ ವಿಷಯವೂ ಬಂದಿವೆ. ಪುರಾಣಕಾವ್ಯಗಳು ಭಕ್ತಿಯಿಂದ ಹಾಡಿದ ಮಹಾಪುರುಷನಿಗೆ, ಅವರ ಕಾಲಕ್ಕೆ ಸುಮಾರು ಒಂದು ನೂರು ವರುಷಗಳಷ್ಟೇ ಈಚಿನ ಕಲ್ಲೊಂದು ಸಾಕ್ಷಿಯಾಯಿತು. ಯಾರೋ ಒಬ್ಬ ರೂವಾರಿಯ ಉಳಿಯ ಕಾಯಕವೇ ಇದಕ್ಕೆ ಕಾರಣವಲ್ಲವೇ?

ಆದರೆ ಮಠಮಂದಿರಗಳ ಅಂಗಳದ ಕಲ್ಲುಗಳಿಗೆ ಭಕ್ತಿಯಿಂದಲೇ ಸುಣ್ಣ ಬಳಿಯುವುದೂ, ಯಂತ್ರದಿಂದ ಮರಳನ್ನು ಚಿಮ್ಮಿಸಿ ತೊಳೆಯುವುದೂ ಉಂಟು. ಸುಣ್ಣವು ತಗ್ಗನ್ನು ಮುಚ್ಚುತ್ತದೆ. ಮರಳು ಮೈಯನ್ನೇ ಸವೆಸುತ್ತದೆ. ಮುಚ್ಚಿದ್ದನ್ನು ಬಿಡಿಸಬಹುದು; ಸವೆದುದನ್ನು ಮರಳಿ ತರಲಾಗದು. ಶಾಸನಗಳ ಕೊನೆಯ ಶಾಪವಾಕ್ಯಗಳು ದತ್ತಿಯನ್ನು ಅಳಿದವರನ್ನು ಕುರಿತು ನುಡಿಯುತ್ತವೆ. ಅಕ್ಷರವನ್ನು ಅಳಿಯದೆ ಕಾಯುವುದೂ ಅದೇ ಧರ್ಮದ ಭಾಗವೆಂದು ಸದ್ಭಕ್ತರು ತಿಳಿಯತಕ್ಕದ್ದು.