ಲಾಗರಿತಮ್ ಕೋಷ್ಟಕದಲ್ಲಿ ಸಣ್ಣ ದಶಮಾಂಶಗಳ ಗಣನೆ

0.0345, 0.00672ರಂಥ, ಒಂದಕ್ಕಿಂತ ಚಿಕ್ಕದಾದ ಧನ ಸಂಖ್ಯೆಗಳನ್ನು ಲಾಗರಿತಮ್ ಕೋಷ್ಟಕದ ನೆರವಿನಿಂದ ಗುಣಿಸುವ, ಭಾಗಿಸುವ, ಮೂಲ ತೆಗೆಯುವ ವಿಧಾನ. ಇದಕ್ಕೆ ಬಳಸುವುದು 10 ಆಧಾರವಾಗಿರುವ ಕೋಷ್ಟಕವನ್ನು. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ ಮೊದಲ ಕೋಷ್ಟಕಕ್ಕೆ ಈ ಆಧಾರವಿರಲಿಲ್ಲ. ನೇಪಿಯರನೊಡನೆ ಚರ್ಚಿಸಿ ಅದನ್ನು ರೂಢಿಗೆ ತಂದವನು ಹೆನ್ರಿ ಬ್ರಿಗ್ಸ್. ಅವನ 14 ದಶಮಾಂಶ ಸ್ಥಾನಗಳ ಕೋಷ್ಟಕ 1624ರಲ್ಲಿ ಹೊರಬಂತು.

ಆಧಾರ 10 ಆಗಿರುವುದರಿಂದ ಆಗುವ ಲಾಭ ದೊಡ್ಡದು. 345, 3.45, 0.0345 ಇವುಗಳ ಅಂಕಿಗಳು ಒಂದೇ, ಬೇರೆಯಾಗಿರುವುದು ಬಿಂದುವಿನ ಜಾಗ ಮಾತ್ರ. ಹಾಗಾಗಿ ಅವುಗಳ ಲಾಗ್‌ಗಳಲ್ಲಿ ಪೂರ್ಣಾಂಕ ಭಾಗ ಬದಲಾಗುತ್ತದೆ, ದಶಮಾಂಶ ಭಾಗವಾದ .5378 ಬದಲಾಗುವುದಿಲ್ಲ. ಕೋಷ್ಟಕದಲ್ಲಿ ಅಚ್ಚಾಗಿರುವುದು ಈ ದಶಮಾಂಶ ಭಾಗವಷ್ಟೇ (ಮ್ಯಾಂಟಿಸಾ). ಪೂರ್ಣಾಂಕವನ್ನು (ಕ್ಯಾರಕ್ಟರಿಸ್ಟಿಕ್) ಲೆಕ್ಕ ಮಾಡುವವರೇ ಬರೆದುಕೊಳ್ಳಬೇಕು. ಹೀಗೆ ಬಹಳ ದೊಡ್ಡ ಸಂಖ್ಯೆಗೂ ಬಹಳ ಚಿಕ್ಕದಕ್ಕೂ ತೆರೆಯುವ ಪುಟ ಒಂದೇ. ಆ ಪುಟಗಳೂ ಸಮನಾಗಿ ಸವೆಯುವುದಿಲ್ಲ: 1ರಿಂದ ಆರಂಭವಾಗುವ ಸಂಖ್ಯೆಗಳ ಮೊದಲ ಪುಟಗಳು ಬೇಗ ಕೊಳೆಯಾಗುತ್ತವೆಂದು ಅಮೆರಿಕದ ಖಗೋಳಜ್ಞ ಸೈಮನ್ ನ್ಯೂಕೊಂಬ್ 1881ರಲ್ಲೇ ಗಮನಿಸಿದ್ದ.

ತೊಡಕು ಇರುವುದು ಚಿಹ್ನೆಯಲ್ಲಿ. 0.0345ರ ಲಾಗ್ ನಿಜವಾಗಿ −1.4622. ಆದರೆ .4622 ಎಂಬುದನ್ನು ಹಿಡಿದು ಹೋದರೆ 345 ಸಿಗದು. ಆದ್ದರಿಂದ ಅದನ್ನು −2 + 0.5378 ಎಂದು ಒಡೆದು 2̅.5378 ಎಂದು ಬರೆಯುತ್ತಾರೆ, ‘ಬಾರ್ ಎರಡು’ ಎಂದು ಓದುತ್ತಾರೆ. ಮೇಲಿನ ಗೆರೆ 2ಕ್ಕೆ ಮಾತ್ರ ಸೇರಿದ್ದು. ದಶಮಾಂಶ ಭಾಗ ಯಾವಾಗಲೂ ಧನವೇ. ಬಿಂದುವಿನ ಬೆನ್ನಿಗೇ ಎಷ್ಟು ಸೊನ್ನೆಗಳಿವೆಯೋ ಅದಕ್ಕೆ ಒಂದು ಕೂಡಿಸಿದರೆ ಬಾರ್‌ನ ಅಂಕಿ ಸಿಗುತ್ತದೆ. ಇದೇ ಕಾರಣಕ್ಕೆ 0.5ರ ಲಾಗ್ 1̅.6990, ಅದನ್ನು −1.6990 ಎಂದು ಓದಿದರೆ ಉತ್ತರ ಪೂರ್ತಿ ಕೆಡುತ್ತದೆ.

ಭೌತಶಾಸ್ತ್ರದ ಪ್ರಯೋಗಗಳಲ್ಲಿ ಇಂಥ ಲೆಕ್ಕ ಪದೇ ಪದೇ ಬರುತ್ತದೆ. 0.0345 ಸೆಂ.ಮೀ. ತ್ರಿಜ್ಯವಿರುವ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಬೇಕೆನ್ನೋಣ. ವರ್ಗಕ್ಕಾಗಿ 2̅.5378ನ್ನು ಎರಡರಿಂದ ಗುಣಿಸಬೇಕು. ದಶಮಾಂಶ ಭಾಗ 1.0756 ಆಗುತ್ತದೆ; ಕೈಗೆ ಬಂದ 1 ಧನ, ಬಾರ್ 4 ಋಣ, ಎರಡೂ ಸೇರಿ 3̅.0756. ಪೈನ ಲಾಗ್ 0.4971ನ್ನು ಕೂಡಿಸಿದರೆ 3̅.5727. ಲಾಗ್‌ನಿಂದ ಸಂಖ್ಯೆಯನ್ನು ಮರಳಿ ಕೊಡುವ ಆ್ಯಂಟಿಲಾಗ್ ಕೋಷ್ಟಕದಲ್ಲಿ .5727ಕ್ಕೆ 3739 ಸಿಗುತ್ತದೆ. ಬಾರ್ 3 ಇರುವುದರಿಂದ ಬಿಂದುವಿನ ನಂತರ ಎರಡು ಸೊನ್ನೆ: 0.003739 ಚದರ ಸೆಂ.ಮೀ.

ಭಾಗಾಕಾರದಲ್ಲಿ ಕಳೆಯಬೇಕು. 0.0345ನ್ನು 0.00672ರಿಂದ ಭಾಗಿಸಲು 2̅.5378ರಿಂದ 3̅.8274ನ್ನು ಕಳೆಯುವಾಗ .5378 ಸಾಲದು; ಪೂರ್ಣಾಂಕದಿಂದ 1 ಕಡ ತಂದರೆ ಬಾರ್ 2 ಬಾರ್ 3 ಆಗುತ್ತದೆ. ಬಾರ್ 3ರಿಂದ ಬಾರ್ 3 ಹೋಗಿ ಉಳಿಯುವುದು 0.7104, ಉತ್ತರ ಸುಮಾರು 5.13.

ಹೆಚ್ಚು ಜನ ಎಡವುವುದು ಮೂಲ ತೆಗೆಯುವಾಗ. 0.0345ರ ಘನಮೂಲಕ್ಕೆ 2̅.5378ನ್ನು ಮೂರರಿಂದ ಭಾಗಿಸಬೇಕು, ಆದರೆ ಬಾರ್ 2 ಮೂರರಿಂದ ನಿಶ್ಶೇಷವಾಗಿ ಭಾಗವಾಗದು. ಆಗ ಅದನ್ನು −3 + 1.5378 ಎಂದು ಬದಲಿಸಿ ಎರಡನ್ನೂ ಬೇರೆ ಬೇರೆ ಭಾಗಿಸಿದರೆ 1̅.5126 ಬರುತ್ತದೆ. ಘನಮೂಲ ಸುಮಾರು 0.3255.

ಬಾರ್ ಬೇಡವೆಂದವರು 10 ಕೂಡಿಸುವ ದಾರಿ ಹಿಡಿದರು. ಸೈನ್ ಬೆಲೆಗಳು ಒಂದನ್ನು ಮೀರವು, ಹಾಗಾಗಿ ಅವುಗಳ ಲಾಗ್ ಧನವಾಗುವುದೇ ಇಲ್ಲ. ನೌಕಾಯಾನ, ಖಗೋಳಗಳ ಅನೇಕ ಕೋಷ್ಟಕಗಳಲ್ಲಿ ಸೈನ್ 1 ಡಿಗ್ರಿಗೆ 2̅.2419ರ ಬದಲು 8.2419 ಎಂದಿರುತ್ತದೆ, ಕೂಡಿಸಿದ ಹತ್ತುಗಳನ್ನು ಕೊನೆಗೆ ಕಳೆಯುವುದನ್ನು ಮರೆಯಬಾರದು.

ಸಂಖ್ಯೆ ಎಷ್ಟು ಚಿಕ್ಕದಾದರೂ ನಿಖರತೆ ಕುಗ್ಗುವುದಿಲ್ಲ. ನಾಲ್ಕಂಕಿ ಕೋಷ್ಟಕದ ಒಂದು ನಮೂದಿನಲ್ಲಿ ಗರಿಷ್ಠ 0.00005ರ ದೋಷವಿರಬಹುದು, ಅದು 0.0345ಕ್ಕಾಗಲಿ 345ಕ್ಕಾಗಲಿ ಶೇಕಡಾ 0.012ರಷ್ಟೇ. ಕ್ಯಾಲ್ಕುಲೇಟರ್ ಬಂದ ಮೇಲೆ ಬಾರ್ ಬರಹ ಮರೆಗೆ ಸರಿದರೂ ಸಣ್ಣ ದಶಮಾಂಶಗಳ ಲಾಗ್ ರಸಾಯನಶಾಸ್ತ್ರದಲ್ಲಿ ಉಳಿದಿದೆ: 1909ರಲ್ಲಿ ರಸಾಯನಜ್ಞ ಸೋರೆನ್‌ಸೆನ್ ತಂದ ಪಿಎಚ್ ಮಾನ ಅಂಥ ಲಾಗ್‌ನ ಚಿಹ್ನೆ ಬದಲಿಸಿದ ರೂಪ. ಹೈಡ್ರೋಜನ್ ಅಯಾನುಗಳ ಸಾಂದ್ರತೆ ಲೀಟರಿಗೆ 0.000018 ಮೋಲ್ ಇದ್ದರೆ ಲಾಗ್ 5̅.2553, ಅಂದರೆ −4.7447, ಪಿಎಚ್ 4.74.