ಬೇಸಿಗೆಯ ದುಡಿಮೆಯೂ ಸಾಂಸ್ಕೃತಿಕ ವಿನಿಮಯವೂ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಹೊರದೇಶಗಳಲ್ಲಿ ಉಳಿಸಿದ್ದ ಹೆಚ್ಚುವರಿ ಸಾಮಗ್ರಿಯ ಮಾರಾಟದ ಹಣವನ್ನು ವಿದ್ಯಾರ್ಥಿಗಳ ಹಾಗೂ ವಿದ್ವಾಂಸರ ವಿನಿಮಯಕ್ಕೆ ತೊಡಗಿಸಬೇಕೆಂದು ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ಮಂಡಿಸಿದ ಮಸೂದೆ 1946ರ ಆಗಸ್ಟ್ 1ರಂದು ಕಾನೂನಾಯಿತು. ಭಾರತವು 1950ರ ಒಪ್ಪಂದದಿಂದ ಈ ಯೋಜನೆಗೆ ಸೇರಿತು. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿದ್ದು ಈ ಯೋಜನೆಯ ವಿದ್ಯಾರ್ಥಿವೇತನದ ಮೇಲೆಯೇ. ಹೀಗೆ ಹೋದವರ ಕೆಲಸವೆಂದರೆ ಓದು, ಬೋಧನೆ, ಸಂಶೋಧನೆ. ಹೋಟೆಲಿನ ಕೋಣೆ ಗುಡಿಸುವುದನ್ನೂ ವಿನಿಮಯದ ಲೆಕ್ಕಕ್ಕೆ ಸೇರಿಸುವ ಕಾಲ ಇನ್ನೂ ಬಂದಿರಲಿಲ್ಲ.

ಆ ಕಾಲಕ್ಕೆ ದಾರಿ ತೆರೆದದ್ದು 1961ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಫುಲ್‌ಬ್ರೈಟ್-ಹೇಸ್ ಕಾಯಿದೆ. ದೇಶದೇಶಗಳ ಜನರ ನಡುವೆ ಪರಸ್ಪರ ಅರಿವನ್ನು ಬೆಳೆಸುವುದೇ ತನ್ನ ಉದ್ದೇಶವೆಂದು ಸಾರಿದ ಈ ಕಾಯಿದೆ ವಿನಿಮಯದ ಮೇಲೆ ಬರುವವರಿಗಾಗಿ ‘ಜೆ’ ಎಂಬ ಹೊಸ ವೀಸಾ ವರ್ಗವನ್ನು ಹುಟ್ಟುಹಾಕಿತು. ಅದರಡಿ 1963ರಲ್ಲಿ ಮೊದಲಾದ ‘ಸಮ್ಮರ್ ವರ್ಕ್ ಟ್ರಾವೆಲ್’ ಯೋಜನೆ, ಅಂದರೆ ಬೇಸಿಗೆ ರಜೆಯಲ್ಲಿ ದುಡಿದು ಆ ಸಂಪಾದನೆಯಿಂದಲೇ ದೇಶ ಸುತ್ತುವ ಏರ್ಪಾಡು, ಸಿರಿವಂತರಲ್ಲದ ಮನೆಗಳ ವಿದ್ಯಾರ್ಥಿಗಳಿಗೂ ಅಮೆರಿಕವನ್ನು ಎಟುಕಿಸಿತು. ಐರ್ಲೆಂಡಿನಲ್ಲಂತೂ ಕಾಲೇಜಿನ ಒಂದು ಬೇಸಿಗೆಯನ್ನು ಅಮೆರಿಕದ ಕಡಲತೀರದ ಊರುಗಳಲ್ಲಿ ಪಾತ್ರೆ ತೊಳೆದೋ ತಿಂಡಿ ಬಡಿಸಿಯೋ ಕಳೆಯುವುದು ಎಷ್ಟು ರೂಢಿಯಾಯಿತೆಂದರೆ, ‘ಜೆ-1’ ಎಂಬ ವೀಸಾದ ಹೆಸರೇ ಆ ಪ್ರವಾಸದ ಹೆಸರಾಗಿ ಮಾತಿನಲ್ಲಿ ನಿಂತಿತು.

ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯ, ಉಕ್ರೇನ್, ಬಲ್ಗೇರಿಯಗಳ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಅವರ ಪಾಲಿಗೆ ಡಾಲರಿನ ಕೂಲಿ ಪ್ರವಾಸದ ಖರ್ಚಿಗಷ್ಟೇ ಆಗುವ ಹಣವಾಗಿರಲಿಲ್ಲ. ಅತ್ತ ಮಾಲೀಕರಿಗೂ ಹಂಗಾಮು ಮುಗಿದೊಡನೆ ತಾವಾಗಿ ಊರಿಗೆ ಮರಳುವ ಆಳುಗಳು ಸಿಕ್ಕಿದರು. ಸಾಲದ್ದಕ್ಕೆ ಇವರ ಸಂಬಳದ ಮೇಲೆ ಸಾಮಾಜಿಕ ಭದ್ರತೆಯ ತೆರಿಗೆಯನ್ನೂ ಕಟ್ಟಬೇಕಾಗಿರಲಿಲ್ಲ. ಇಂತಹ ದುಡಿಮೆ 1961ರ ಕಾಯಿದೆಯ ಆಶಯಕ್ಕೆ ಒಗ್ಗುವುದಿಲ್ಲವೆಂದು ಸರ್ಕಾರಿ ಖರ್ಚುವೆಚ್ಚದ ತಪಾಸಣೆ ನಡೆಸುವ ಜಿ.ಎ.ಓ. ಸಂಸ್ಥೆ 1990ರಲ್ಲಿಯೇ ವರದಿ ಕೊಟ್ಟಿತ್ತು. ಶಾಸನಸಭೆಯಾದ ಕಾಂಗ್ರೆಸ್ಸು ಇದಕ್ಕೆ ಕೊಟ್ಟ ಉತ್ತರ ವಿಚಿತ್ರವಾದದ್ದು: ಯೋಜನೆಯನ್ನು ಕಾಯಿದೆಗೆ ಹೊಂದಿಸುವ ಬದಲು, 1998ರಲ್ಲಿ ಯೋಜನೆಗೇ ಕಾಯಿದೆಯ ಒಪ್ಪಿಗೆಯನ್ನು ದೊರಕಿಸಿತು. ಹತ್ತು ವರ್ಷದೊಳಗೆ, 2008ರಲ್ಲಿ, ಬಂದವರ ಸಂಖ್ಯೆ ಒಂದೂವರೆ ಲಕ್ಷವನ್ನು ಮುಟ್ಟಿತು.

ಮೇಲ್ವಿಚಾರಣೆಯ ಹೊಣೆ ಬಹುಮಟ್ಟಿಗೆ ‘ಸ್ಪಾನ್ಸರ್’ ಎಂಬ ಪ್ರಾಯೋಜಕ ಸಂಸ್ಥೆಗಳ ಮೇಲಿತ್ತು; ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುತ್ತಿದ್ದ ಅವೇ ಅವರ ಹಿತವನ್ನೂ ಕಾಯಬೇಕಾಗಿತ್ತು. 2011ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯದ ಚಾಕೊಲೇಟ್ ಪ್ಯಾಕಿಂಗ್ ಗೋದಾಮೊಂದರಲ್ಲಿ ಚೀನಾ, ತುರ್ಕಿ, ಉಕ್ರೇನ್ ಮೊದಲಾದ ದೇಶಗಳ ನೂರಾರು ವಿದ್ಯಾರ್ಥಿಗಳು ಕೆಲಸ ನಿಲ್ಲಿಸಿ ಹೊರಬಂದಾಗ ಈ ಏರ್ಪಾಡಿನ ಹುಳುಕು ಬಯಲಾಯಿತು. ಬರುವುದಕ್ಕಾಗಿಯೇ ಸಾವಿರಾರು ಡಾಲರ್ ತೆತ್ತಿದ್ದ ಅವರು, ಬಿಡಾರದ ಬಾಡಿಗೆಯನ್ನು ಸಂಬಳದಲ್ಲಿ ಮುರಿದುಕೊಂಡ ಮೇಲೆ ಕೈಗೆ ಉಳಿಯುವುದು ಅತ್ಯಲ್ಪವೆಂದೂ, ಭಾರದ ಪೆಟ್ಟಿಗೆಗಳನ್ನು ಎತ್ತಿಳಿಸುವುದರಲ್ಲಿ ಯಾವ ಸಂಸ್ಕೃತಿಯ ಪರಿಚಯವೂ ಆಗಲಿಲ್ಲವೆಂದೂ ದೂರಿದರು. ಅದೇ ವರ್ಷ ಯೋಜನೆಯ ವಾರ್ಷಿಕ ಸಂಖ್ಯೆಗೆ 1,09,000ದ ಮಿತಿ ಬಿತ್ತು. 2012ರ ನಿಯಮಗಳು ಗೋದಾಮು, ಕಾರ್ಖಾನೆ, ಕಟ್ಟಡ ನಿರ್ಮಾಣಗಳ ಕೆಲಸವನ್ನೂ ಮುಖ್ಯವಾಗಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ನಡೆಯುವ ಪಾಳಿಯನ್ನೂ ನಿಷೇಧಿಸಿ, ಕೆಲಸದ ಹೊರಗೆ ಸಾಂಸ್ಕೃತಿಕ ಚಟುವಟಿಕೆಗಳಿಗೆ ಅವಕಾಶ ಇರಲೇಬೇಕೆಂದು ವಿಧಿಸಿದವು. ಮೂಲ ಕಾಯಿದೆಯ ಉದ್ದೇಶದಲ್ಲಿಯೇ ಇದ್ದದ್ದನ್ನು ನಿಯಮ ಬರೆದು ನೆನಪಿಸಬೇಕಾಯಿತು.

2020ರ ಜೂನ್ 22ರಂದು, ಕೋವಿಡ್ ತಂದ ನಿರುದ್ಯೋಗದಿಂದ ಸ್ವದೇಶದ ಕೆಲಸಗಾರರನ್ನು ಕಾಪಾಡುವ ಕಾರಣ ನೀಡಿ ಅಧ್ಯಕ್ಷ ಟ್ರಂಪ್ ಕೆಲವು ವೀಸಾಗಳ ಮೇಲಿನ ಪ್ರವೇಶವನ್ನು ತಡೆಹಿಡಿದರು. ಬೆಂಗಳೂರಿನ ಸಾಫ್ಟ್‌ವೇರ್ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಎಚ್-1ಬಿ ಎಂಬ ಉದ್ಯೋಗ ವೀಸಾ ಆ ಪಟ್ಟಿಯಲ್ಲಿತ್ತು. ಅದರ ಜೊತೆಯಲ್ಲಿಯೇ ಬೇಸಿಗೆ ವಿದ್ಯಾರ್ಥಿಗಳ ಜೆ-1 ಕೂಡ ಇತ್ತು.